ಒಂದು ಮೂಲೆ ಕೆಂಪಾದ ಕಾರ್ಡು

ಹಳೆಯ ಫೋಟೋ ಕೈಗೆ ಬಂದರೆ ಎಲ್ಲರೂ ಮೊದಲು ಮುಖ ನೋಡುತ್ತಾರೆ. ನಾನು ಹಿಂದಿನ ಪರದೆ ನೋಡುತ್ತೇನೆ. ಆಮೇಲೆ ಚಪ್ಪಲಿ, ಅಂಗಿಯ ಗುಂಡಿ, ನೆರಳು ಯಾವ ಕಡೆಗೆ ಬಿದ್ದಿದೆ ಎನ್ನುವುದು. ಮುಖ ಎಲ್ಲಕ್ಕಿಂತ ಕಡೆಗೆ. ಮುಖವನ್ನು ಜನ ತೊಳೆದು, ಪೌಡರ್ ಹಚ್ಚಿ, ಉಸಿರು ಹಿಡಿದು ತಯಾರು ಮಾಡಿರುತ್ತಾರೆ. ಅದನ್ನು ನಂಬುವುದು ಹೇಗೆ? ಚಪ್ಪಲಿ, ಪಾಪ, ತಯಾರಾಗಿರುವುದಿಲ್ಲ.

ನನ್ನ ಈ ಗುಣಕ್ಕೆ ನಮ್ಮನೆಯವರು ಸಂಶಯದ ಬೇನೆ ಎನ್ನುತ್ತಾರೆ. ಹಾವೇರಿಯ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು ಅವರು. ಅಷ್ಟು ವರ್ಷ ಸುಳ್ಳು ಸಾಕ್ಷಿಗಳ ನಡುವೆ ಕೂತರೂ ಮನುಷ್ಯರನ್ನು ನಂಬುವ ಅಭ್ಯಾಸ ಬಿಟ್ಟಿಲ್ಲ. ಹಾಲಿಗೆ ನೀರು ಬೆರೆಸಿಲ್ಲ ಎಂದು ಹಾಲಿನವನು ಹೇಳಿದರೆ ತಲೆಯಾಡಿಸುತ್ತಾರೆ. ನಾನು ಕ್ಯಾನಿನ ಹೊರಮೈ ಯಾಕೆ ಒದ್ದೆಯಾಗಿದೆ ಎಂದು ಕೇಳುತ್ತೇನೆ. “ನೀ ಕೋರ್ಟಿಗೆ ಹೋಗಬೇಕಾಗಿತ್ತು, ನಾ ಒಲಿ ಮುಂದ ಕುಂದರಬೇಕಾಗಿತ್ತು. ಅದಲಬದಲ ಆಗೇತಿ ನೋಡು,” ಎನ್ನುತ್ತಾರೆ.

ಈ ಬೇನೆ ನನಗೆ ಹತ್ತಿದ್ದು ಹುಬ್ಬಳ್ಳಿಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ. ಅಲ್ಲಿ ನಮ್ಮ ಮನೆಗಳಿಂದ ಬಂದ ಕಾರ್ಡುಗಳನ್ನು ಸಿಸ್ಟರ್ ಒಬ್ಬರು ಮೊದಲು ನೋಡಿ ಆಮೇಲೆ ನಮಗೆ ಕೊಡುತ್ತಿದ್ದರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ಬಿಡುತ್ತಿರಲಿಲ್ಲ. ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದು, ತಿರುವಿ, ಒಮ್ಮೊಮ್ಮೆ ಮೂಸಿ, ಇದರಲ್ಲಿ ಏನೋ ಇದೆ ಎನ್ನುವ ಮುಖ ಮಾಡುತ್ತಿದ್ದರು. ರಾಣೇಬೆನ್ನೂರಿನಿಂದ ನನ್ನ ಅಪ್ಪ ಬರೆಯುತ್ತಿದ್ದುದು ‘ಎಮ್ಮೆ ಈದಿದೆ, ಚೆನ್ನಾಗಿ ಓದು’ ಎಂದಷ್ಟೇ. ಅದಕ್ಕೂ ಅದೇ ಮುಖ. ಏಳು ವರ್ಷದ ಕಾನ್ವೆಂಟಿನಲ್ಲಿ ಇಂಗ್ಲಿಷು ನನಗೆ ಅಷ್ಟಾಗಿ ಅಂಟಲಿಲ್ಲ, ಆ ಮುಖ ಅಂಟಿತು.

ಇದನ್ನೆಲ್ಲ ಈಗ ಹೇಳಲು ಕಾರಣ ನಮ್ಮ ಓಣಿಯ ಡ್ರಾಯಿಂಗ್ ಮಾಸ್ತರರು. ನಿವೃತ್ತರಾದ ಮೇಲೆ ಅವರಿಗೆ ಒಂದು ಹುಚ್ಚು ಹಿಡಿದಿದೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರೂ ಊರಿನ ಹಳೆಯ ಫೋಟೋ ಮತ್ತು ಕಾರ್ಡುಗಳನ್ನು ಕೂಡಿಸಿ ಒಂದು ಪ್ರದರ್ಶನ ಮಾಡಬೇಕು, ಮಕ್ಕಳಿಗೆ ಊರಿನ ಇತಿಹಾಸ ತೋರಿಸಬೇಕು ಎಂದು. ಒಂದು ದಿನ ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಮನೆಗೆ ಬಂದರು. ನಾನು ಮಂಡಕ್ಕಿ ಒಗ್ಗರಣೆ ಮಾಡಿ ತಂದಿಡುವಷ್ಟರಲ್ಲಿ ಪಡಸಾಲೆಯ ತುಂಬ ಇತಿಹಾಸ ಹರಡಿತ್ತು.

ಮೊದಲನೆಯ ಫೋಟೋದ ಕೆಳಗೆ ಅವರ ಚೆಂದದ ಅಕ್ಷರದಲ್ಲಿ ‘ಹಾವೇರಿಯ ಹಳೆಯ ಪೇಟೆ’ ಎಂದು ಬರೆದಿತ್ತು. ನಾನು ತಟ್ಟೆ ಇಟ್ಟು ಬಗ್ಗಿ ನೋಡಿದೆ.

“ಮಾಸ್ತರ, ಇದು ಹಾವೇರಿ ಅಲ್ಲರಿ.”

“ಹಂಗ್ಯಾಕ ಅಂತೀರಿ ಅಕ್ಕಾರ? ಕೊಟ್ಟಾವರು ಹಾವೇರ್ಯಾವರು.”

“ಕೊಟ್ಟಾವರು ಹಾವೇರ್ಯಾವರ ಇರಬಹುದು. ಆದ್ರ ಇಲ್ಲೆ ಹಿಂದ ಒಬ್ಬ ಚೀಲ ಹೊತ್ತಾನ ನೋಡ್ರಿ. ಮೂಗಿಗೆ ವಸ್ತ್ರ ಕಟ್ಟ್ಯಾನ. ಹಾವೇರಿ ಪ್ಯಾಟ್ಯಾಗ ಯಾರು ಮೂಗು ಕಟ್ಟಿಕೊಂಡು ಅಡ್ಡಾಡತಾರ? ಇದು ಬ್ಯಾಡಗಿ. ಚೀಲದಾಗ ಮೆಣಸಿನಕಾಯಿ ಐತಿ.”

ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಒಂದು ತುತ್ತು ಮಂಡಕ್ಕಿ ತಿಂದರು. ಮತ್ತೆ ನೋಡಿದರು. ಜೇಬಿನಿಂದ ಪೆನ್ನು ತೆಗೆದು ‘ಹಾವೇರಿ’ಯನ್ನು ಹೊಡೆದುಹಾಕಿದರು.

ಆಮೇಲೆ ಬಂತು ‘ರಾಣೇಬೆನ್ನೂರಿನ ಗಣ್ಯರು’. ನಾಲ್ಕು ಫೋಟೋ, ನಾಲ್ಕು ಗಣ್ಯರು, ನಾಲ್ವರ ಮೈಮೇಲೂ ಕರಿ ಕೋಟು. ನಾನು ನಾಲ್ಕನ್ನೂ ಸಾಲಾಗಿ ಇಟ್ಟೆ. ನಾಲ್ಕೂ ಕೋಟಿನಲ್ಲಿ ಮೇಲಿನಿಂದ ಮೂರನೆಯ ಗುಂಡಿ ಮಾತ್ರ ಬಿಳಿ. ಒಬ್ಬರಿಗೆ ತೋಳು ಬೆರಳಿನವರೆಗೆ ಇಳಿದಿತ್ತು, ಇನ್ನೊಬ್ಬರಿಗೆ ಮಣಿಕಟ್ಟಿಗೂ ಬಂದಿರಲಿಲ್ಲ.

ನನಗೆ ಆ ಕೋಟು ಗೊತ್ತಿತ್ತು. ಅದು ನನ್ನ ತವರೂರಿನ ಸ್ಟುಡಿಯೋದ ಕೋಟು. ಬಾಗಿಲ ಹಿಂದಿನ ಗೂಟಕ್ಕೆ ನೇತಾಡುತ್ತಿತ್ತು. ಯಾರು ಬಂದರೂ ಅದನ್ನೇ ತೊಡಿಸುತ್ತಿದ್ದರು. ನನ್ನ ಅಪ್ಪನ ಮದುವೆ ಫೋಟೋದಲ್ಲೂ ಅದೇ ಇದೆ, ಅಪ್ಪ ಗಣ್ಯರಲ್ಲ, ಕಿರಾಣಿ ಅಂಗಡಿಯವರು. ಕೋಟಿನ ಜೊತೆಗೆ ಆ ಸ್ಟುಡಿಯೋದಲ್ಲಿ ಇನ್ನೆರಡು ಆಸ್ತಿ ಇದ್ದವು. ಒಂದು, ಅರಮನೆಯ ಮೆಟ್ಟಿಲು ಬರೆದ ಪರದೆ. ಅರ್ಧ ರಾಣೇಬೆನ್ನೂರು ಆ ಮೆಟ್ಟಿಲ ಮುಂದೆ ನಿಂತಿದೆ, ಯಾರೂ ಹತ್ತಿಲ್ಲ. ಇನ್ನೊಂದು, ಟೀಪಾಯಿಯ ಮೇಲಿನ ಕರಿ ಟೆಲಿಫೋನು. ಅದಕ್ಕೆ ತಂತಿ ಇರಲಿಲ್ಲ. ಹೆಣ್ಣುಮಕ್ಕಳ ಫೋಟೋಕ್ಕೆ ಅದರ ಮೇಲೆ ಕೈ ಇಡಿಸುತ್ತಿದ್ದರು. ವರನಿಗೆ ತೋರಿಸಲೆಂದು ತೆಗೆಸಿದ ನನ್ನ ಫೋಟೋದಲ್ಲಿ ನಾನೂ ಆ ಟೆಲಿಫೋನಿನ ಮೇಲೆ ಕೈಯಿಟ್ಟು, ಈಗಷ್ಟೇ ಯಾರಿಗೋ ಮಾತಾಡಿ ಮುಗಿಸಿದವಳ ಹಾಗೆ ನಿಂತಿದ್ದೇನೆ.

“ಅಂದ್ರ ಗಣ್ಯ ಅನ್ನೂದು ಕೋಟು ಒಂದs ಆತು,” ಎಂದರು ಮಾಸ್ತರರು ಸೋತ ದನಿಯಲ್ಲಿ. “ಅಕ್ಕಾರ, ನೀವು ನನ್ನ ಪ್ರದರ್ಶನ ಮುಳುಗಿಸ್ತೀರಿ. ಅದಕ್ಕ ಒಂದು ಕೆಲಸ ಮಾಡ್ರಿ, ಎಲ್ಲಾದರ ತಪಾಸಣಿ ನೀವ ಮಾಡ್ರಿ. ಮತ್ತ ನಿಮ್ಮ ಮನ್ಯಾಗಿನ ಹಳೇ ಕಾರ್ಡು ಇದ್ರ ಕೊಡ್ರಿ. ಫೋಟೋ ಸುಳ್ಳು ಹೇಳಬಹುದು, ಕಾರ್ಡು ಹೇಳೂದಿಲ್ಲ. ಮ್ಯಾಲ ಪೋಸ್ಟಿನ ಶಿಕ್ಕಾ ಇರತೈತಿ.”

ಶಿಕ್ಕಾ ಇದ್ದ ಮಾತ್ರಕ್ಕೆ ನಂಬಬೇಕೇ? ಇರಲಿ, ನೋಡೋಣ ಎಂದು ರಾಣೇಬೆನ್ನೂರಿನ ನಮ್ಮಣ್ಣನಿಗೆ ಫೋನ್ ಮಾಡಿದೆ. ಮುಂದಿನ ಸೋಮವಾರ ಅಣ್ಣ ಅಟ್ಟದ ಮೇಲಿನಿಂದ ಇಳಿಸಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದುಕೊಟ್ಟದ್ದು ಅಪ್ಪನ ಕಾರ್ಡಿನ ತಂತಿ.

ನಿಮ್ಮಲ್ಲೂ ಕೆಲವರು ಕಂಡಿರಬಹುದು. ಕೆಳಗೊಂದು ಮರದ ಬಿಲ್ಲೆ, ಅದರಿಂದ ಎದ್ದ ಉದ್ದನೆಯ ತಂತಿ, ತುದಿಯಲ್ಲಿ ಕೊಕ್ಕೆ. ಬಂದ ಕಾಗದವನ್ನು ಓದಿ, ನಡುವಿಗೆ ಚುಚ್ಚಿ ಕೆಳಗೆ ಸರಿಸಿದರೆ ಮುಗಿಯಿತು. ಅಪ್ಪ ಕಾರ್ಡನ್ನು ಓದುತ್ತಿದ್ದ ರೀತಿಯೇ ಬೇರೆ. ಮೊದಲು ಮೂಲೆ ನೋಡುತ್ತಿದ್ದರು. ನಾಲ್ಕು ಮೂಲೆಗೆ ಅರಿಶಿನವೋ ಕುಂಕುಮವೋ ಇದ್ದರೆ ಶುಭ ಸುದ್ದಿ, ಒಳಗೆ ತಂದು ದೇವರ ಮುಂದಿಟ್ಟು ಓದುವುದು. ಏನೂ ಇರದಿದ್ದರೆ ಸಾದಾ ಕಾರ್ಡು, ಗಲ್ಲೆಯ ಮೇಲೆ ಕೂತು ಓದುವುದು. ಸಾವಿನ ಸುದ್ದಿಯಾದರೆ ಅಂಚೆಯವನೇ ಹೊರಗೆ ಕರೆಯುತ್ತಿದ್ದ. ಅಪ್ಪ ಬೀದಿಯಲ್ಲೇ ನಿಂತು ಓದಿ, ಹರಿದು, ಗಟಾರಕ್ಕೆ ಹಾಕಿ, ಕೈಕಾಲು ತೊಳೆದು ಒಳಗೆ ಬರುತ್ತಿದ್ದರು. ಅಂಥ ಕಾರ್ಡು ತಂತಿಗೆ ಏರುವಂತಿಲ್ಲ. ಹೀಗಾಗಿ ಅಪ್ಪನ ತಂತಿಯ ಪ್ರಕಾರ ನಮ್ಮ ಸಂಬಂಧಿಕರಲ್ಲಿ ಅಷ್ಟು ವರ್ಷ ಹುಟ್ಟಿದ್ದಾರೆ, ಮದುವೆಯಾಗಿದ್ದಾರೆ, ಯಾರೂ ಸತ್ತೇ ಇಲ್ಲ. ಕಾರ್ಡು ಸುಳ್ಳು ಹೇಳುವುದಿಲ್ಲವಂತೆ!

ಮಧ್ಯಾಹ್ನ ಪಾತ್ರೆ ಮುಗಿಸಿ ಕಾರ್ಡುಗಳನ್ನು ಒಂದೊಂದಾಗಿ ಬಿಡಿಸುತ್ತ ಕೂತೆ. ಮೇಲಿನದು ಇತ್ತೀಚಿನದು, ಕೆಳಗೆ ಹೋದಂತೆ ಊರು ಹಳೆಯದಾಗುತ್ತದೆ. ಸುಮಾರು ನಡುವೆ ಬಂದಾಗ ಅದು ಸಿಕ್ಕಿತು. ಬ್ಯಾಡಗಿಯ ಶಿಕ್ಕಾ. ಎಡಗಡೆ ಕೆಳಗಿನ ಮೂಲೆ ಕೆಂಪು.

ಈ ಕಾರ್ಡು ನಾನು ಬಲ್ಲೆ. ಒಮ್ಮೆಯೂ ಓದಿಲ್ಲ, ಆದರೆ ಬಲ್ಲೆ.

ಆಗ ನನಗೆ ಇಪ್ಪತ್ತೆರಡು. ನನ್ನ ಟೆಲಿಫೋನಿನ ಫೋಟೋ ಎರಡು ಊರಿಗೆ ಹೋಗಿ ವಾಪಸು ಬಂದಿತ್ತು. ಆ ಕಾಲದಲ್ಲಿ ಯಾರೂ ಬಾಯಿಬಿಟ್ಟು ಬೇಡ ಎನ್ನುತ್ತಿರಲಿಲ್ಲ, ಫೋಟೋ ತಿರುಗಿ ಕಳಿಸುತ್ತಿದ್ದರು. ಲಕೋಟೆ ಕಂಡರೆ ಸಾಕು, ಅವ್ವ ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಎರಡನೆಯ ಸಲ ಬಂದಾಗ ಫೋಟೋದ ಒಂದು ಕೊನೆ ಮಡಿಚಿತ್ತು. ಯಾರ ಮನೆಯಲ್ಲಿ, ಯಾರ ಕೈಯಲ್ಲಿ ಮಡಿಚಿತು ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಮೂರನೆಯ ಸಲ ಅದು ಬ್ಯಾಡಗಿಗೆ, ಅಪ್ಪನಿಗೆ ಮೆಣಸಿನಕಾಯಿ ಕಳಿಸುತ್ತಿದ್ದ ದಲಾಲಿ ಅಂಗಡಿಯವರ ಮನೆಗೆ ಹೋಯಿತು. ಕೆಲವು ದಿನ ಬಿಟ್ಟು ಈ ಕಾರ್ಡು ಬಂತು. ಅಪ್ಪ ಅಂಗಡಿಯ ಕಟ್ಟೆಯ ಮೇಲಿಂದಲೇ ಕೂಗಿದರು.

“ಏ ಇವಳ, ಸಕ್ಕರಿ ಡಬ್ಬಿ ತಾ! ಬ್ಯಾಡಗ್ಯಾವರು ಒಪ್ಪ್ಯಾರ!”

“ಕಾರ್ಡು ಪೂರಾ ಓದೀರೇನು?” ಅವ್ವ ಒಳಗಿನಿಂದಲೇ ಕೇಳಿದಳು.

“ಓದೂದೇನೈತಿ? ಮೂಲಿ ನೋಡಿಲ್ಲೆ, ಮೂಲಿ!”

ಓಣಿಗೆಲ್ಲ ಸಕ್ಕರೆ ಹಂಚಿದರು. ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಹಣ್ಣು, ಕಾಯಿ, ಹೂವು ಹಿಡಿದು ಬ್ಯಾಡಗಿಗೆ ಹೋದರು. ಸಂಜೆ ಮದುವೆಯ ದಿನ ಗೊತ್ತುಮಾಡಿಕೊಂಡೇ ಬಂದರು.

ಈಗ ಆ ಕಾರ್ಡನ್ನು ಮೊದಲ ಸಲ ಓದಿದೆ. ನನ್ನ ಮಾವನವರ ಅಕ್ಷರ. ‘ಕ್ಷೇಮ. ತಾವು ಕಳಿಸಿದ ಕನ್ಯೆಯ ಫೋಟೋ ಮುಟ್ಟಿತು. ಮನೆಯಲ್ಲಿ ನೋಡಿದ್ದೇವೆ. ಈಗ ಪೇಟೆಗೆ ಮಾಲಿನ ಆವಕ ಬಹಳ, ವಿಚಾರ ಮಾಡಲು ಪುರಸೊತ್ತಿಲ್ಲ. ಸುಗ್ಗಿ ಮುಗಿದ ಮೇಲೆ ತಿಳಿಸುತ್ತೇವೆ. ತಮ್ಮ ಎರಡು ಚೀಲ ಮೊನ್ನೆ ಲಾರಿಗೆ ಹಾಕಿದೆ.’

ಅಷ್ಟೇ. ಹೂಂ ಎಂದಿಲ್ಲ. ಊಹೂಂ ಎಂದಿಲ್ಲ. ಚೀಲ ಮಾತ್ರ ಲಾರಿಗೆ ಹಾಕಿದ್ದಾರೆ.

ಸಿಸ್ಟರ್ ಮಾಡಿದ್ದನ್ನೇ ಮಾಡಿದೆ. ಕಾರ್ಡನ್ನು ಕಿಟಕಿಗೆ ಹಿಡಿದೆ, ತಿರುವಿದೆ, ಮೂಸಿದೆ. ಕೆಂಪು ಕುಂಕುಮದ್ದೋ ಮೆಣಸಿನಕಾಯಿಯದ್ದೋ, ಮೂಸಿ ಉಪಯೋಗವಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಚೀಲಗಟ್ಟಲೆ ಇದ್ದರಷ್ಟೇ ಮೂಗಿಗೆ ಹತ್ತೀತು; ಒಂದು ಕಲೆ ಹೊಸತಿದ್ದಾಗಲೇ ಹತ್ತುವುದಿಲ್ಲ, ಮೂವತ್ತೈದು ವರ್ಷದ ಮೇಲೆ ಏನು ಹತ್ತೀತು? ಆದರೆ ಕಣ್ಣಿಗೆ ಹತ್ತುವಂಥದ್ದು ಒಂದಿತ್ತು. ಕುಂಕುಮವಾದರೆ ನಾಲ್ಕೂ ಮೂಲೆಗೆ ಹಚ್ಚಬೇಕು. ಇಲ್ಲಿ ಒಂದೇ ಮೂಲೆ, ಅದೂ ಬರೆಯುವಾಗ ಎಡಗೈಯ ಹೆಬ್ಬೆರಳು ಊರುವ ಮೂಲೆ. ನಾನು ತಂತಿಯಲ್ಲಿದ್ದ ಬ್ಯಾಡಗಿಯ ಉಳಿದ ಕಾರ್ಡುಗಳನ್ನೆಲ್ಲ ಹುಡುಕಿ ತೆಗೆದೆ. ದರ ಇಷ್ಟು, ಮಾಲು ಅಷ್ಟು ಎಂದು ಬರೆದ ಅಂಗಡಿಯ ಕಾರ್ಡುಗಳು, ಎಂಟು ಸಿಕ್ಕವು. ಎಂಟಕ್ಕೂ ಅದೇ ಮೂಲೆಯಲ್ಲಿ ಅದೇ ಕೆಂಪು ಹೆಬ್ಬೆರಳು.

ನನ್ನ ಮದುವೆಗೆ ಆಧಾರ ಒಂದು ಮೆಣಸಿನಕಾಯಿ ಕಲೆ!

ಬೇನೆ ಅಲ್ಲಿಗೇ ನಿಲ್ಲಲಿಲ್ಲ. ಈ ಎಂಟೂ ಕಾರ್ಡನ್ನು ಅಪ್ಪ ನೋಡಿದವರೇ ಅಲ್ಲವೇ? ದರದ ಕಾರ್ಡು ಬಂದಾಗ ಒಮ್ಮೆಯೂ ಸಕ್ಕರೆ ಹಂಚಲಿಲ್ಲ. ಹಾಗಾದರೆ ಆ ಒಂದನ್ನು ಮಾತ್ರ ಕುಂಕುಮ ಎಂದು ತಿಳಿದದ್ದು ಹೇಗೆ? ಅಂದು ಕಟ್ಟೆಯ ಮೇಲೆ ನಿಂತಿದ್ದ ಅಪ್ಪನನ್ನು ಮತ್ತೆ ನೆನಪಿಸಿಕೊಂಡೆ. ಕೈಯಲ್ಲಿ ಕಾರ್ಡು, ಹೆಗಲ ಮೇಲೆ ಟವೆಲು. ಮತ್ತು ಹೌದು, ಮೂಗಿನ ಮೇಲೆ ಓದುವ ಚಾಳೀಸು. ಓದದವನು ಚಾಳೀಸು ಯಾಕೆ ಹಾಕಿಕೊಳ್ಳುತ್ತಾನೆ? ಅಪ್ಪ ಓದಿದ್ದರು. ಎಲ್ಲವನ್ನೂ ಓದಿದ್ದರು. ಮೂರನೆಯ ಸಲ ಲಕೋಟೆ ಬರುವ ಮೊದಲೇ ಬಸ್ಸು ಹತ್ತಿದ್ದರು.

ಅಪ್ಪ ಈಗಿಲ್ಲ, ಕೇಳುವಂತಿಲ್ಲ. ಮಾವನವರೂ ಇಲ್ಲ. ನಮ್ಮನೆಯವರು ಪೇಪರ್ ಹಿಡಿದು ಕೂತಿದ್ದರು.

“ರೀ, ನಿಮ್ಮ ಮನ್ಯಾಗ ನನಗ ಹೂಂ ಅಂದಾವರು ಯಾರ್ರಿ?”

ಪೇಪರ್ ಸ್ವಲ್ಪ ಕೆಳಗಿಳಿಯಿತು. ಕಾರ್ಡು ತೋರಿಸಿದೆ, ಎಂಟನ್ನೂ ತೋರಿಸಿದೆ, ಚಾಳೀಸಿನ ಮಾತು ಹೇಳಿದೆ. ಅವರು ಎಲ್ಲವನ್ನೂ ಕೋರ್ಟಿನಲ್ಲಿ ಕಡತ ನೋಡುವ ಹಾಗೆ ನೋಡಿದರು.

“ಮುದ್ದತ ಮುಗದೈತಿ. ಈ ಕೇಸು ನಿಲ್ಲೂದಿಲ್ಲ.”

“ಚ್ಯಾಷ್ಟಿ ಬ್ಯಾಡ. ನೀವು ಹೂಂ ಅಂದಿದ್ರೋ ಇಲ್ಲೋ?”

“ನನಗ್ಯಾರು ಕೇಳಿದ್ರು? ಫೋಟೋ ಒಂದು ನೋಡಿದ್ದೆ. ಖರೇ ಹೇಳಲ್ಯಾ? ಸಿಟ್ಟಾಗಬಾರದು. ಅದರಾಗ ಟೆಲಿಫೋನ್ ಇತ್ತು. ಆಗ ನಮ್ಮ ಓಣ್ಯಾಗ ಒಂದೂ ಫೋನ್ ಇರಲಿಲ್ಲ. ಫೋನ್ ಇದ್ದ ಮನಿ ಹುಡುಗಿ ಅಂತ ಗೆಳೆಯಾರ ಮುಂದೆಲ್ಲಾ ಹೇಳ್ಕೊಂಡು ಅಡ್ಡಾಡಿದ್ದೆ. ಲಗ್ನಾದ ಮ್ಯಾಲ ನಿಮ್ಮ ಮನಿಗೆ ಬಂದು ಎಲ್ಲಾ ಖೋಲಿ ಹುಡುಕಿದೆ. ಏನು ಹುಡುಕಾಕತ್ತೀರಿ ಅಳಿಯಂದ್ರ, ಅಂತ ನಿಮ್ಮವ್ವ ಕೇಳಿದ್ರು. ಏನಿಲ್ಲರಿ, ಗಾಳಿ ಚಲೋ ಐತಿ ಅಂದೆ.”

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ಕಾರ್ಡುಗಳನ್ನು ಕೂಡಿಸಿಕೊಂಡು ಎದ್ದೆ. ಅಂದರೆ ನನ್ನನ್ನು ಈ ಮನೆಯಲ್ಲಿ ಯಾರೂ ಬೇಕೆಂದು ಆರಿಸಿರಲಿಲ್ಲ. ಸುಗ್ಗಿ ಮುಗಿದಿದ್ದರೆ ಫೋಟೋ ಬಹುಶಃ ಮೂರನೆಯ ಸಲವೂ ತಿರುಗಿ ಬರುತ್ತಿತ್ತು, ಇನ್ನೊಂದು ಕೊನೆ ಮಡಿಚಿಕೊಂಡು. ಅಷ್ಟು ವರ್ಷ ಸಂಸಾರ ಮಾಡಿದವಳಿಗೆ ಇದೆಂಥ ದುಃಖ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೂ ಮನಸ್ಸು ಒಪ್ಪಲಿಲ್ಲ. ಕರೆಯದ ಊಟಕ್ಕೆ ಹೋಗಿ, ಪಂಕ್ತಿಯಲ್ಲಿ ಕೂತು ಹೋಳಿಗೆ ಬಡಿಸಿಕೊಂಡವಳ ಹಾಗೆ ನಾಚಿಕೆಯಾಯಿತು.

ಇನ್ನು ಉಳಿದಿದ್ದ ಸಾಕ್ಷಿ ಒಬ್ಬರೇ, ಅತ್ತೆ. ಎಂಬತ್ತು ದಾಟಿದೆ, ಕಣ್ಣಿನ ಆಪರೇಶನ್ ಆಗಿದೆ, ಕೈ ಮಾತ್ರ ಸುಮ್ಮನಿರುವುದಿಲ್ಲ. ಹಿತ್ತಲ ಕಟ್ಟೆಯ ಮೇಲೆ ಮೊರ ಇಟ್ಟುಕೊಂಡು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದರು. ಅವರಿಗೆ ಓದು ಬಾರದು. ನಾನು ಪಕ್ಕದಲ್ಲಿ ಕೂತು ಕಾರ್ಡನ್ನು ಓದಿ ಹೇಳಿದೆ. ‘ಆವಕ ಬಹಳ’ ಎಂಬಲ್ಲಿ ಕಿಸಕ್ಕನೆ ನಕ್ಕರು.

“ನಿಮ್ಮ ಮಾವಗ ಸಾಯೂ ತನಕಾ ಆವಕ ಬಹಳs ಇತ್ತು.”

“ಅತ್ತಿ, ಖರೇ ಹೇಳ್ರಿ. ನಮ್ಮಪ್ಪ ಬರೂಕಿಂತ ಮೊದಲು ನೀವು ಒಪ್ಪಿದ್ರೇನು?”

ತೊಟ್ಟು ಮುರಿಯುವ ಕೈ ನಿಲ್ಲಲಿಲ್ಲ. “ಅವತ್ತು ಅಂಗಳದಾಗ ಮೆಣಸಿನಕಾಯಿ ಹರವಿದ್ವಿ. ನಿಮ್ಮಪ್ಪಾರು ಹಣ್ಣು ಕಾಯಿ ಹಿಡಕೊಂಡು, ಕಾಯಿ ತುಳೀಲಾರದಂಗ ಹಿಂಗ ಕಾಲು ಎತ್ತಿಟಗೋತ ಬಂದ್ರು. ಬಾಗಲಾಗ ನಿಂತು ‘ಬೀಗರ’ ಅಂದ್ರು. ನಿಮ್ಮ ಮಾವ ನನ್ನ ಮಾರಿ ನೋಡಿದ್ರು. ನಾ ಅವರ ಮಾರಿ ನೋಡಿದೆ. ಆ ಮನಶಾ ಅಷ್ಟು ನಕ್ಕೋತ ನಿಂತಾನ. ಏನನ್ನೂದು? ಕುಂದ್ರಿ, ಚಾ ಕುಡೀರಿ ಅಂದ್ವಿ.”

“ಅಂದ್ರ ಒಪ್ಪಿರಲಿಲ್ಲ.”

“ದಾವಣಗೇರಿ ಹುಡುಗೀದು ಒಂದು ಫೋಟೋನೂ ಬಂದಿತ್ತು,” ಎಂದರು ಅತ್ತೆ. ಹೇಳಿದ ಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಫೋಟೋಕ್ಕೆ ತಯಾರಾದ ಮುಖ ಮಾಡಲು ನೋಡಿದೆ. ಆಗಲಿಲ್ಲವೆಂದು ಕಾಣುತ್ತದೆ.

ಕೈ ನಿಂತಿತು.

“ಶೈಲವ್ವಾ, ಆ ಕೆಂಪು ಹಚ್ಚಿದಾಕಿ ನಾನs.”

“ಏನು?”

“ಹೂಂ. ಕುಂಕುಮ ಅದು. ಅವರು ಕಾರ್ಡು ಬರದು ಗ್ವಾಡಿ ಮಾಡದಾಗ ಇಟ್ಟು ಜಳಕಕ್ಕ ಹೋದ್ರು. ನನಗ ನೀ ಮನಸಿಗೆ ಬಂದಿದ್ದಿ. ಬರಿಯಾಕ ಬರೂದಿಲ್ಲ, ಹಚ್ಚಾಕ ಬರತೈತಿ. ಹಚ್ಚಿಬಿಟ್ಟೆ.”

“ಒಂದs ಮೂಲಿಗೆ?”

“ಅವಸರಿತ್ತು. ಜಳಕ ಮುಗಿಸಿ ಬಂದಬಿಟ್ರು.”

ನನ್ನ ಮಡಿಲಲ್ಲಿ ಎಂಟು ಕಾರ್ಡುಗಳಿದ್ದವು. ಎಂಟಕ್ಕೂ ಅವಸರವಿತ್ತೇ, ಎಂಟು ಸಲವೂ ಮಾವನವರು ಜಳಕಕ್ಕೆ ಹೋಗಿದ್ದರೇ ಎಂದು ಕೇಳಬಹುದಿತ್ತು. ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಅತ್ತೆ ನನ್ನನ್ನೇ ನೋಡುತ್ತಿದ್ದರು. ನಾನು ಎಂಟನ್ನೂ ಮಗುಚಿ ಇಟ್ಟು ಸೆರಗು ಮುಚ್ಚಿದೆ.

ಅವರು ಮೊರ ಸರಿಸಿ ಎದ್ದರು. ಬಚ್ಚಲಿಗೆ ಹೋಗಿ ಮೆಣಸಿನಕಾಯಿ ಹತ್ತಿದ್ದ ಕೈಯನ್ನು ಸಾಬೂನು ಹಚ್ಚಿ ಎರಡು ಸಲ ತೊಳೆದರು. ಸೆರಗಿಗೆ ಒರೆಸಿಕೊಳ್ಳುತ್ತ ಬಂದು, “ನಿನ್ನ ಕುಂಕುಮದ ಭರಣಿ ತೊಗೊಂಬಾ” ಎಂದರು.

ಮಾವನವರು ಹೋದಾಗಿನಿಂದ ಅತ್ತೆ ಕುಂಕುಮಕ್ಕೆ ಕೈ ಹಚ್ಚಿದವರಲ್ಲ. ಹಬ್ಬದ ದಿನ ಬಂದ ಮುತ್ತೈದೆಯರಿಗೂ ನಾನೇ ಕೊಡಬೇಕು, ಅವರು ದೂರ ಸರಿದು ಕೂರುತ್ತಾರೆ. ನಾನು ಎಷ್ಟು ಹೇಳಿದರೂ ಕೇಳಿಲ್ಲ. ನಾನು ಭರಣಿ ತಂದು, ಕೊಡದೆ ಅವರ ಮುಖ ನೋಡಿದೆ.

“ಹಂಗ್ಯಾಕ ನೋಡತಿ? ಹಣಿಗೆ ಹಚ್ಕೊಳ್ಳಾಕತ್ತಿಲ್ಲ. ಕಾರ್ಡಿಗೆ ಹಚ್ಚಾಕ ಏನಡ್ಡಿ? ತಾ ಇಲ್ಲೆ.”

ಕಾರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬೆರಳ ತುದಿಗೆ ಕುಂಕುಮ ತೆಗೆದುಕೊಂಡು, ಹತ್ತಿರದ್ದು ಸರಿಯಾಗಿ ಕಾಣದ್ದರಿಂದ ಮೂಲೆಯನ್ನು ಇನ್ನೊಂದು ಬೆರಳಿನಿಂದ ತಡವಿ ತಡವಿ ಹುಡುಕಿ, ಖಾಲಿಯಿದ್ದ ಮೂರೂ ಮೂಲೆಗೆ ಹಚ್ಚಿದರು. ನಾಲ್ಕನೆಯದನ್ನು ಮುಟ್ಟಲಿಲ್ಲ. ಮೂರು ಕೆಂಪು ಈಗಿನದು, ಒದ್ದೆಯೆನ್ನುವಷ್ಟು ಹೊಳಪು. ಒಂದು ಕೆಂಪು ಒಣಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದು. ಎರಡೂ ಒಂದೇ ಜಾತಿಯವಲ್ಲ. ಅದನ್ನು ನೋಡಲು ನನ್ನಂಥ ಕಣ್ಣೇ ಬೇಕಿರಲಿಲ್ಲ.

“ತೊಗೊ. ಈಗ ಓದು.”

“ಓದಿದೆನಲ್ಲರಿ ಅತ್ತಿ, ಆಗಳೆ.”

“ಅಕ್ಷರಲ್ಲ. ಮೂಲಿ ಓದು.”

ಎರಡು ದಿನ ಬಿಟ್ಟು ಮಾಸ್ತರರು ಬಂದರು. ಕಾರ್ಡುಗಳ ಗಂಟು ಕೊಟ್ಟೆ, ಟೆಲಿಫೋನಿನ ಮೇಲೆ ಕೈಯಿಟ್ಟ ನನ್ನ ಫೋಟೋವನ್ನೂ ಕೊಟ್ಟೆ. ಕೆಳಗೆ ‘ಈ ಟೆಲಿಫೋನಿಗೆ ತಂತಿ ಇಲ್ಲ’ ಎಂದು ತಪ್ಪದೆ ಬರೆಯಬೇಕೆಂದೆ. ಅವರ ಕಣ್ಣು ಅಷ್ಟರಲ್ಲಿ ದೇವರ ಜಗಲಿಯ ಮೇಲೆ ಹೋಗಿತ್ತು.

“ಅಲ್ಲೊಂದು ಕಾರ್ಡು ಉಳದೈತಲ್ಲರಿ ಅಕ್ಕಾರ. ಕುಂಕುಮ ಹಚ್ಚಿದ್ದು. ಅಂಥದs ಬೇಕಾಗಿತ್ತು ನನಗ.”

“ಅದು ಹಳೇದಲ್ಲರಿ ಮಾಸ್ತರ. ಮೊನ್ನೆ ಬಂದದ್ದು.”

ಅವರು ಎದ್ದು ಹೋಗಿ ಬಗ್ಗಿ ನೋಡಿದರು. ಕನ್ನಡಕ ಏರಿಸಿದರು, ಇಳಿಸಿದರು. ನಾನು ಕೊಟ್ಟ ಬೇನೆ ಅವರಿಗೂ ಹತ್ತಿದೆ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು.

“ಹದಿನೈದು ಪೈಸಾದ ಕಾರ್ಡು! ಬ್ಯಾಡಗಿ ಶಿಕ್ಕಾ ಐತಿ. ಇದು ಮೊನ್ನೆ ಬಂತೇನ್ರಿ?”

“ಹೌದರಿ,” ಎಂದೆ, ಅವರ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುತ್ತ. “ಆವಕ ಬಹಳ ಇತ್ತಂತ. ಅದಕ್ಕ ತಡಾ ಆತು.”